ಕ್ರೂಸ್‌ಗೆ ಹೋದ್ರೆ ಊರಿನವರೂ ಈಜೋ ಬೀಚಲ್ಲೇ ಇಳೀರಿ

1/10

ನಿಮ್ಮ ಫೀಡಲ್ಲೂ ಇದು ಬಂದೇ ಬಂದಿರತ್ತೆ. ಹಿಂದೆ ಅಪಾರ್ಟ್‌ಮೆಂಟಿನಷ್ಟು ಎತ್ತರದ ಬಿಳಿ ಹಡಗು, ಮುಂದೆ ತಿಳಿ ನೀಲಿ ನೀರು, ಮಧ್ಯೆ ಐದಾರು ಜನ ಫ್ರೆಂಡ್ಸ್ ಸಾಲಾಗಿ ಕುರ್ಚಿ ಮೇಲೆ ಕಾಲು ಚಾಚಿ ಮಲಗಿದ್ದಾರೆ. ಕೆಳಗೆ 'ಕೆರಿಬಿಯನ್ ಕ್ರೂಸ್, ಬೀಚ್ ಡೇ' ಅಂತಿರತ್ತೆ. ಅದರ ಕೆಳಗೆ ನಮ್ಮವರೇ ಒಬ್ಬರನ್ನೊಬ್ಬರು ಟ್ಯಾಗ್ ಮಾಡ್ಕೊಂಡು 'ಮೊದಲ್ನೇ ಬೋನಸ್ ಬಂದ ಮೇಲೆ ಹೋಗೋಣ ಕಣೋ' ಅಂತ ಬರೆದಿರ್ತಾರೆ.

ಹೋಗೋಣ. ನನಗೂ ಆಸೆ ಇದೆ. ಸೆಮಿಸ್ಟರ್ ಮೇಲೆ ಸೆಮಿಸ್ಟರ್ ಬರೆದು ಸುಸ್ತಾದವರು ಸಮುದ್ರದ ಮುಂದೆ ಒಂದಿನ ಏನೂ ಮಾಡದೆ ಬಿದ್ಕೊಳ್ಳೋದು ದೊಡ್ಡ ತಪ್ಪು ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ನಿಮ್ಮ ಆಸೆಗೆ ತಣ್ಣೀರು ಎರಚೋಕೆ ನಾನಿದನ್ನ ಬರೀತಿಲ್ಲ.

ನಾನು ಹೇಳೋದು ಇಷ್ಟೇ. ಆ ರೀಲ್‌ಗಳಲ್ಲಿ ಕಾಣೋ ಬೀಚುಗಳು ಎರಡು ಥರ. ಒಂದು, ಹಡಗು ಕಂಪನಿ ತನ್ನ ಪ್ರಯಾಣಿಕರಿಗೇ ಅಂತ ಮಾಡಿಟ್ಟಿರೋದು. ಅಲ್ಲಿ ಆ ದೇಶದವರು ಕಾಣಿಸೋದು ಹೆಚ್ಚಾಗಿ ಯೂನಿಫಾರ್ಮಲ್ಲಿ. ಇನ್ನೊಂದು, ಆ ದ್ವೀಪದ ಜನ ತಾವೇ ರಜಾ ದಿನ ಮಕ್ಕಳನ್ನ ಕರ್ಕೊಂಡು ಬಂದು ಈಜೋದು. ಬುಕ್ ಮಾಡೋವಾಗ ಈ ಎರಡನೇ ಥರದ ಬೀಚು ಜಾಸ್ತಿ ಸಿಗೋ ಹಡಗನ್ನೇ ಆರಿಸಿ ಅನ್ನೋದು ನನ್ನ ವಾದ. ಯಾಕೆ ಅಂತ ಹತ್ತು ಭಾಗದಲ್ಲಿ ಹೇಳ್ತೀನಿ. ಮಧ್ಯೆ ಸ್ವಲ್ಪ ಅಕೌಂಟ್ಸೂ ಬರತ್ತೆ, ಹೆದರಬೇಡಿ, ಇದಕ್ಕೆ ಇಂಟರ್ನಲ್ಸ್ ಇಲ್ಲ.

2/10

ಮೊದಲು ಬೀಚ್ ಡೇ ಹೇಗೆ ನಡೆಯತ್ತೆ ಅಂತ ನೋಡೋಣ. ಕೆರಿಬಿಯನ್ ಕ್ರೂಸ್‌ಗಳಲ್ಲಿ ಬಹಳಷ್ಟು ಹೊರಡೋದು ಅಮೆರಿಕದ ಫ್ಲೋರಿಡಾದಿಂದ. ಮಯಾಮಿ, ಫೋರ್ಟ್ ಲಾಡರ್‌ಡೇಲ್, ಪೋರ್ಟ್ ಕೆನಾವೆರಲ್, ಇವು ದೊಡ್ಡ ಬಂದರುಗಳು. ಏಳು ರಾತ್ರಿಯ ಟ್ರಿಪ್ಪಲ್ಲಿ ಸಾಮಾನ್ಯವಾಗಿ ಮೂರ್ನಾಲ್ಕು ದಿನ ಒಂದೊಂದು ಜಾಗದಲ್ಲಿ ಹಡಗು ನಿಲ್ಲತ್ತೆ, ಉಳಿದ ದಿನ ಪೂರ್ತಿ ಸಮುದ್ರದಲ್ಲೇ. ನಿಲ್ಲೋ ದಿನ ಬೆಳಗ್ಗೆ ಬಂದು ಸಂಜೆ ಹೊರಟುಬಿಡತ್ತೆ. ಆ ಎಂಟ್ಹತ್ತು ಗಂಟೇಲಿ ನೀವು ಊರು ನೋಡ್ಬಹುದು, ಇಲ್ಲಾ ಬೀಚಿಗೆ ಹೋಗಿ ಸುಮ್ನೆ ಇರಬಹುದು. ಫ್ರೆಂಡ್ಸ್ ಜೊತೆ ಹೋದವರು ಬಹುಪಾಲು ಬೀಚನ್ನೇ ಆರಿಸ್ತಾರೆ. ಹಡಗಿನ ಮೇಲೆ ಬೆಳಗಿಂದ ರಾತ್ರಿವರೆಗೂ ಶೋ, ಗೇಮು, ಊಟದ ಟೈಮಿಂಗ್ಸ್ ಅಂತ ಓಡಿ ಸಾಕಾಗಿರತ್ತೆ. ಮರಳಿನ ಮೇಲೆ ಯಾರೂ ಟೈಮ್ ಹೇಳಲ್ಲ.

ಆ ಬಿಳಿ ಮರಳಿಗೂ ಒಂದು ಕಥೆ ಇದೆ. ಅಲ್ಲಿನ ಮರಳಿನ ಒಂದು ಭಾಗ ಪ್ಯಾರಟ್‌ಫಿಶ್ ಅನ್ನೋ ಬಣ್ಣಬಣ್ಣದ ಮೀನಿನ ಹೊಟ್ಟೆಯಿಂದ ಬಂದಿದ್ದು. ಹವಳದ ದಿಬ್ಬದ ಮೇಲಿನ ಪಾಚಿ ಕಚ್ಚೋವಾಗ ಹವಳದ ಚೂರೂ ಒಳಗೆ ಹೋಗತ್ತೆ, ಅರೆದು ಪುಡಿಯಾಗಿ ಹೊರಗೆ ಬರತ್ತೆ. ನೀವು ಟವೆಲ್ ಹಾಸ್ಕೊಂಡು ಮಲಗೋದು ಅದರ ಮೇಲೆ. ಮುಂದಿನ ಸಲ ರೀಲ್ ನೋಡೋವಾಗ ನೆನಪಾಗತ್ತೆ, ಸಾರಿ.

ಈಗ ಹಡಗಿನ ಸೈಜ್ ನೋಡಿ. 2024ರ ಜನವರಿಯಲ್ಲಿ ಮಯಾಮಿಯಿಂದ ಶುರುವಾದ ರಾಯಲ್ ಕೆರಿಬಿಯನ್ ಕಂಪನಿಯ 'ಐಕಾನ್ ಆಫ್ ದಿ ಸೀಸ್' ಸುಮಾರು 365 ಮೀಟರ್ ಉದ್ದ, 20 ಅಂತಸ್ತು. ಪೂರ್ತಿ ತುಂಬಿದ್ರೆ 7,600 ಪ್ರಯಾಣಿಕರು, ಜೊತೆಗೆ 2,350 ಸಿಬ್ಬಂದಿ. ಹತ್ತಿರ ಹತ್ತಿರ ಹತ್ತು ಸಾವಿರ ಜನ. ನಮ್ಮ ಕಡೆ ಒಂದು ಹೋಬಳಿ ಊರೇ ತೇಲ್ಕೊಂಡು ಬಂದಂಗೆ. ಇಷ್ಟು ಜನ ಬೆಳಗ್ಗೆ ಒಟ್ಟಿಗೆ ಇಳಿದ್ರೆ ಎಲ್ಲಿ ಕೂರಿಸೋದು? ಕಂಪನಿಗಳು ಇದಕ್ಕೊಂದು ದಾರಿ ಹುಡುಕಿದ್ವು: ನಮ್ದೇ ಒಂದು ದ್ವೀಪ ಇಟ್ಕೊಂಡ್ರೆ ಹೇಗೆ?

3/10

ಇದು ಹೊಸ ಐಡಿಯಾ ಏನಲ್ಲ. ನಾರ್ವೇಜಿಯನ್ ಕ್ರೂಸ್ ಲೈನ್ 1977ರಲ್ಲೇ ಬಹಾಮಾಸ್‌ನ ಗ್ರೇಟ್ ಸ್ಟಿರಪ್ ಕೇ ಅನ್ನೋ ಸಣ್ಣ ದ್ವೀಪ ತಗೊಂಡಿತ್ತು. 'ಕೇ' ಅಂದ್ರೆ ತಗ್ಗಾದ ಮರಳಿನ ಪುಟ್ಟ ದ್ವೀಪ. ಆಮೇಲೆ ಒಂದೊಂದೇ ಕಂಪನಿ ಬಂತು.

ರಾಯಲ್ ಕೆರಿಬಿಯನ್‌ನ ಕೋಕೋಕೇ ಅಂತ ನೀವು ರೀಲ್‌ನಲ್ಲಿ ನೋಡೋದರ ನಿಜವಾದ ಹೆಸರು ಲಿಟಲ್ ಸ್ಟಿರಪ್ ಕೇ. ಡಿಸ್ನಿಯ ಕ್ಯಾಸ್ಟವೇ ಕೇಗೆ ಹಿಂದೆ ಗೋರ್ಡಾ ಕೇ ಅಂತಿದ್ರು, 1998ರಿಂದ ಅಲ್ಲಿ ಡಿಸ್ನಿ ಹಡಗು ನಿಲ್ಲತ್ತೆ. ಹಾಲೆಂಡ್ ಅಮೆರಿಕದ ಹಾಫ್ ಮೂನ್ ಕೇ ಮ್ಯಾಪಲ್ಲಿ ಲಿಟಲ್ ಸ್ಯಾನ್ ಸಾಲ್ವಡಾರ್. ಎಂಎಸ್‌ಸಿಯ ಓಶನ್ ಕೇ ಹಿಂದೆ ಮರಳು ತೆಗೆಯೋ ಕೈಗಾರಿಕಾ ಜಾಗವಾಗಿತ್ತು. ಕಾರ್ನಿವಲ್ 2025ರ ಜುಲೈನಲ್ಲಿ ಗ್ರ್ಯಾಂಡ್ ಬಹಾಮಾದಲ್ಲಿ 'ಸೆಲೆಬ್ರೇಶನ್ ಕೀ' ತೆರೆದಿದೆ.

ಇವೆಲ್ಲಾ ಬಹಾಮಾಸ್ ದೇಶಕ್ಕೆ ಸೇರಿದ ನೆಲ. ಆದ್ರೆ ಇಲ್ಲಿ ಇಳಿದು ಬಂದವರಿಗೆ ಬಹಾಮಾಸ್ ನೋಡಿದ್ರಾ ಅಂತ ಕೇಳಿದ್ರೆ ಉತ್ತರ ಹೇಳೋದು ಕಷ್ಟ. ಊರಿಲ್ಲ, ಸ್ಕೂಲಿಲ್ಲ, ಬಸ್ಸಿಲ್ಲ, ಚರ್ಚಿಂದ ಹೊರಗೆ ಬರೋ ಜನ ಇಲ್ಲ. ಬೀಚ್ ಡೇಗೆ ಬೇಕಾದ್ದನ್ನ ಮಾತ್ರ ಇಟ್ಟು, ಬೇಡದ್ದನ್ನೆಲ್ಲಾ ತೆಗೆದ ಜಾಗ ಅದು. ನನಗೆ ಕಿರಿಕಿರಿ ಆಗೋದು ಆ ಲಿಸ್ಟ್ ನೋಡಿ. ಬೇಡದ್ದು ಅಂತ ತೆಗೆದಿದ್ದರಲ್ಲಿ ಅಲ್ಲಿನ ಜನರ ದಿನನಿತ್ಯದ ಬದುಕೂ ಇದೆ.

4/10

ಈಗ ಅಕೌಂಟ್ಸ್. ಕಂಪನಿಗಳಿಗೆ ಸ್ವಂತ ದ್ವೀಪ ಯಾಕಿಷ್ಟು ಇಷ್ಟ?

ನಿಮ್ಮ ಹಡಗು ಬಹಾಮಾಸ್ ರಾಜಧಾನಿ ನಸ್ಸೌನಲ್ಲಿ ನಿಂತಿದೆ ಅಂದ್ಕೊಳ್ಳಿ. ನೀವು ಇಳಿದು ಹತ್ತು ಹದಿನೈದು ನಿಮಿಷ ನಡೆದ್ರೆ ಜಂಕನೂ ಬೀಚ್ ಅನ್ನೋ ಸಾರ್ವಜನಿಕ ಬೀಚ್ ಸಿಗತ್ತೆ. ಅಲ್ಲಿ ಕುರ್ಚಿ ಬಾಡಿಗೆಗೆ ಕೊಡೋನು ಒಬ್ಬ, ಜ್ಯೂಸ್ ಮಾರೋಳು ಒಬ್ಬಳು. ಇನ್ನೂ ಸ್ವಲ್ಪ ಮುಂದೆ ಅರವಾಕ್ ಕೇ ಅನ್ನೋ ಕಡೆ ಊಟದ ಅಂಗಡಿಗಳ ಸಾಲು. ನೀವು ಖರ್ಚು ಮಾಡೋ ಡಾಲರ್‌ಗಳು ನಾಲ್ಕೈದು ಜೇಬಿಗೆ ಹೋಗತ್ವೆ.

ಈಗ ಅದೇ ಹಡಗು ಕೋಕೋಕೇನಲ್ಲಿ ನಿಂತಿದೆ ಅಂದ್ಕೊಳ್ಳಿ. ಊಟ ಟಿಕೆಟ್‌ನಲ್ಲೇ ಸೇರಿದೆ, ಅಂದ್ರೆ ನೀವು ಹೊರಗೆ ಎಲ್ಲೂ ತಿನ್ನಲ್ಲ. ವಾಟರ್ ಪಾರ್ಕಿಗೆ ಬೇರೆ ದುಡ್ಡು, ನೆರಳಿನ ಕ್ಯಾಬಾನಾಗೆ ಬೇರೆ, ಬೀಚ್ ಕ್ಲಬ್ಬಿಗೆ ಬೇರೆ. ಎಲ್ಲಾ ನಿಮ್ಮ ಹಡಗಿನ ಕಾರ್ಡಿಗೇ ಬೀಳತ್ತೆ. 2019ರಲ್ಲಿ ಈ ದ್ವೀಪವನ್ನ 25 ಕೋಟಿ ಡಾಲರ್ ಹಾಕಿ ಹೊಸದಾಗಿ ಕಟ್ಟಿದ್ರು, 135 ಅಡಿ ಎತ್ತರದ ಸ್ಲೈಡ್ ನಿಲ್ಲಿಸಿದ್ರು. ಅಷ್ಟು ಬಂಡವಾಳ ಹಾಕಿದವರು ನಿಮ್ಮನ್ನ ಬೇರೆ ಕಡೆ ಯಾಕೆ ಇಳಿಸ್ತಾರೆ?

ಇನ್ನೊಂದು ಲಾಭ ಇದೆ. ಈ ದ್ವೀಪಗಳು ಫ್ಲೋರಿಡಾಕ್ಕೆ ಹತ್ತಿರ. ಸಂಜೆ ಹೊರಟು ನಿಧಾನಕ್ಕೆ ಹೋದ್ರೂ ಬೆಳಗಾಗೋದ್ರೊಳಗೆ ತಲುಪಬಹುದು. ದೂರ ಕಮ್ಮಿ, ಸ್ಪೀಡ್ ಕಮ್ಮಿ, ಇಂಧನದ ಬಿಲ್ಲೂ ಕಮ್ಮಿ. ಖರ್ಚು ಇಳೀತು, ಆದಾಯ ಒಳಗೇ ಉಳೀತು. ಇದೇ ಲೆಕ್ಕವನ್ನ ನಿಮಗೆ ಪರೀಕ್ಷೇಲಿ ಕೊಟ್ಟಿದ್ರೆ 'ಒಳ್ಳೆ ನಿರ್ಧಾರ' ಅಂತಲೇ ಬರೀತಿದ್ರಿ. ನಾನೂ ಹಾಗೇ ಬರೀತಿದ್ದೆ. ಕಂಪನಿ ಅದರ ಕೆಲಸ ಅದು ಮಾಡ್ತಿದೆ.

ಆದ್ರೆ ಎಕನಾಮಿಕ್ಸ್‌ನಲ್ಲಿ ಸೋರಿಕೆ ಅಂತ ಒಂದು ಪಾಠ ಇದೆ. ಪ್ರವಾಸಿ ಬಂದ, ಖರ್ಚು ಮಾಡಿದ, ಆದ್ರೆ ದುಡ್ಡು ಆ ಊರಲ್ಲಿ ನಿಲ್ಲದೆ ಹೊರಗೆ ಹರಿದುಹೋಯ್ತು. ಖಾಸಗಿ ದ್ವೀಪದ ಬೀಚ್ ಡೇ ಅಂದ್ರೆ ತಳದಲ್ಲಿ ತೂತಿರೋ ಕೊಡ. ಬಹಾಮಾಸ್‌ಗೆ ತಲೆಗಿಷ್ಟು ಅಂತ ತೆರಿಗೆ, ಒಂದಷ್ಟು ಜನರಿಗೆ ಸಂಬಳ ಸಿಗತ್ತೆ. ಅಂಗಡಿ ಇಟ್ಟು ಬೆಳೆಯೋ ದಾರಿ ಸಿಗೋದು ಕಷ್ಟ.

5/10

ಬಹಾಮಾಸ್ ಆದ್ರೂ ಜನ ಇಲ್ಲದ ಸಣ್ಣ ದ್ವೀಪಗಳು ಅನ್ನಬಹುದು. ಹೈಟಿಯ ಲಬಾದಿ ನೋಡಿ.

ಹೈಟಿಯ ಉತ್ತರ ತೀರದಲ್ಲಿ ಬೆಟ್ಟದ ಬುಡಕ್ಕೆ ಒಂದು ಸುಂದರ ಚೂಪು ನೆಲ ಇದೆ. ರಾಯಲ್ ಕೆರಿಬಿಯನ್ 1980ರ ದಶಕದಿಂದ ಅದನ್ನ ಗುತ್ತಿಗೆಗೆ ಇಟ್ಕೊಂಡಿದೆ. ಇದು ದ್ವೀಪ ಅಲ್ಲ, ದೇಶದ ಮುಖ್ಯ ನೆಲಕ್ಕೇ ಅಂಟ್ಕೊಂಡಿದೆ. ಅದಕ್ಕೇ ಸುತ್ತ ಬೇಲಿ, ಕಾವಲು. ಬೇಲಿ ಈ ಕಡೆ ಜಿಪ್‌ಲೈನ್, ಬಾರ್ಬೆಕ್ಯೂ, ತಂಪು ಪಾನೀಯ. ಆ ಕಡೆ ಅಮೆರಿಕ ಖಂಡಗಳಲ್ಲೇ ಅತಿ ಬಡ ದೇಶಗಳಲ್ಲಿ ಒಂದು.

2010ರ ಜನವರಿ 12ರಂದು ಹೈಟಿಯಲ್ಲಿ ಭೀಕರ ಭೂಕಂಪ ಆಯ್ತು, ರಾಜಧಾನಿ ಪೋರ್ಟ್ ಒ ಪ್ರಿನ್ಸ್ ನೆಲಸಮ ಆಯ್ತು. ಮೂರೇ ದಿನಕ್ಕೆ ಲಬಾದಿಗೆ ಕ್ರೂಸ್ ಹಡಗು ಬಂದು ನಿಂತಿತು. ಜಗತ್ತಿನಾದ್ಯಂತ ಜನ ಬೈದ್ರು. ಕಂಪನಿ ಹೇಳಿದ್ದು ಏನಂದ್ರೆ, ಹಡಗಲ್ಲಿ ಪರಿಹಾರ ಸಾಮಗ್ರಿ ಬಂದಿದೆ, ಬರದೇ ಇದ್ರೆ ಅಲ್ಲಿ ಕೆಲಸ ಮಾಡೋರಿಗೆ ಆ ದಿನದ ಸಂಪಾದನೆಯೂ ಇಲ್ಲ. ಅದರಲ್ಲಿ ಸತ್ಯ ಇಲ್ಲ ಅಂತ ನಾನು ಹೇಳಲ್ಲ. ಹಸಿದವನಿಗೆ ಆ ದಿನದ ಕೂಲಿ ದೊಡ್ಡದೇ.

ಆದ್ರೂ ಒಂದು ಪ್ರಶ್ನೆ ಉಳೀತದೆ. ಇಪ್ಪತ್ತೈದು ವರ್ಷ ಹಡಗು ಬಂದ ಜಾಗದಲ್ಲಿ ಬೇಲಿ ಆಚೆಗೆ ಪ್ರವಾಸೋದ್ಯಮ ಯಾಕೆ ಬೆಳೀಲಿಲ್ಲ? ನಾವು ಒಂದು ಊರಿಗೆ ಇಪ್ಪತ್ತೈದು ವರ್ಷ ಹೋಗ್ತಾ ಇದ್ರೆ ಅಲ್ಲೊಂದು ಟೀ ಅಂಗಡಿಯಾದ್ರೂ ಹೋಟೆಲ್ ಆಗತ್ತೆ. ಬೇಲಿ ಇದ್ದಾಗ ಆಗಲ್ಲ. 2024ರಲ್ಲಿ ಹೈಟಿಯ ಗಲಭೆಯಿಂದ ಕಂಪನಿ ಅಲ್ಲಿ ಹಡಗು ನಿಲ್ಲಿಸೋದನ್ನ ಬಿಟ್ಟಾಗ ಆ ಕೂಲಿಯೂ ಹೋಯ್ತು. ಹಡಗಿಗೆ ಬೇರೆ ಬೀಚು ಸಿಕ್ಕಿತು.

6/10

ಈಗ ಕ್ರಿಕೆಟ್ ದಾರಿ ಹಿಡಿಯೋಣ, ನಮಗೆ ಕೆರಿಬಿಯನ್ ಗೊತ್ತಾಗಿದ್ದೇ ಹಂಗೆ ತಾನೇ.

2013ರ ಏಪ್ರಿಲ್ 23ರಂದು ಚಿನ್ನಸ್ವಾಮಿಯಲ್ಲಿ 66 ಬಾಲಿಗೆ 175 ಹೊಡೆದ ಕ್ರಿಸ್ ಗೇಲ್ ಜಮೈಕಾದವರು. ಆಗ ನಾವು ಪ್ರೈಮರಿ ಸ್ಕೂಲ್. ಆ ಗೇಲ್ ದೇಶದ ಒಂದು ಕಾನೂನು ಕೇಳಿ. 1956ರ ಬೀಚ್ ಕಂಟ್ರೋಲ್ ಆಕ್ಟ್, ಬ್ರಿಟಿಷರ ಕಾಲದ್ದು. ಸಮುದ್ರ ತೀರದ ನೆಲದ ಹಕ್ಕನ್ನ ಅದು ಸರ್ಕಾರದ ಕೈಗೆ ಕೊಟ್ಟಿದೆ. ಬೀಚಿಗೆ ಹೋಗಿ ಸ್ನಾನ ಮಾಡೋ ಸಾಮಾನ್ಯ ಹಕ್ಕು ಜನರಿಗೆ ಇಲ್ಲ. 1962ರಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂದ್ರೂ ಕಾನೂನು ಉಳೀತು. ಹೋಟೆಲುಗಳು ಬಂದ ಹಾಗೆ ತೀರ ತುಂಡು ತುಂಡಾಗಿ ಗೇಟಿನ ಹಿಂದೆ ಹೋಯ್ತು. ಜಮೈಕಾ ಬೀಚ್ ಬರ್ತ್‌ರೈಟ್ ಎನ್ವಿರಾನ್‌ಮೆಂಟಲ್ ಮೂವ್‌ಮೆಂಟ್ ಅನ್ನೋ ಸಂಘಟನೆ ಇದರ ವಿರುದ್ಧ ಕೋರ್ಟಿಗೂ ಹೋಗಿದೆ. ಮಲ್ಪೆಗೋ ಗೋಕರ್ಣಕ್ಕೋ ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ನೇರ ನೀರಿಗೆ ಇಳಿಯೋ ನಮಗೆ ಇದು ವಿಚಿತ್ರ ಅನ್ಸತ್ತೆ. ದ್ವೀಪದಲ್ಲಿ ಹುಟ್ಟಿ ಸಮುದ್ರಕ್ಕೆ ಪರ್ಮಿಶನ್ ಕೇಳೋದು!

ಅದೇ ಸಮುದ್ರದ ಇನ್ನೊಂದು ತುದೀಲಿ ಬಾರ್ಬಡೋಸ್. 2024ರ ಜೂನ್ 29ರಂದು ನಾವು ಟಿ20 ವಿಶ್ವಕಪ್ ಗೆದ್ದಿದ್ದು, ನಮ್ಮ ದ್ರಾವಿಡ್ ಕಪ್ ಹಿಡಿದು ಮಗು ಥರ ಕೂಗಿದ್ದು ಇಲ್ಲಿನ ಕೆನ್ಸಿಂಗ್ಟನ್ ಓವಲ್‌ನಲ್ಲಿ. ಇಲ್ಲಿ ಬೀಚುಗಳೆಲ್ಲ ಸಾರ್ವಜನಿಕ. ಎಷ್ಟೇ ದೊಡ್ಡ ಹೋಟೆಲ್ ಮುಂದೆ ಇದ್ರೂ ಮರಳು ಜನರದ್ದು. ವಿವ್ ರಿಚರ್ಡ್ಸ್ ಊರಾದ ಆಂಟಿಗಾದಲ್ಲೂ ಹಾಗೇ. ದಿನಕ್ಕೊಂದು ಬೀಚ್, ಒಟ್ಟು 365 ಇವೆ ಅಂತ ಅಲ್ಲಿನವರು ಹೆಮ್ಮೆಯಿಂದ ಹೇಳ್ಕೊಳ್ತಾರೆ.

ಬಾರ್ಬಡೋಸ್‌ನ ಬ್ರಿಡ್ಜ್‌ಟೌನ್ ಬಂದರಿಂದ ಕಾರ್ಲೈಲ್ ಬೇ ಟ್ಯಾಕ್ಸಿಯಲ್ಲಿ ಹತ್ತಿರದಲ್ಲೇ ಇದೆ. ಬೆಳಗ್ಗೆ ಬೇಗ ಹೋದ್ರೆ ಊರಿನ ಹಿರಿಯರು ಸಮುದ್ರ ಸ್ನಾನಕ್ಕೆ ಬಂದಿರ್ತಾರೆ, ಕುತ್ತಿಗೆವರೆಗೆ ನೀರಲ್ಲಿ ನಿಂತು ಹರಟೆ ಹೊಡೀತಿರ್ತಾರೆ. ನಮ್ಮಲ್ಲಿ ವಾಕಿಂಗ್ ಮುಗಿಸಿ ಪಾರ್ಕಲ್ಲಿ ಕೂರೋ ಅಂಕಲ್‌ಗಳ ಥರಾನೇ. ಅವರ ಪಕ್ಕದಲ್ಲಿ ನೀವೂ ನೀರಿಗೆ ಇಳೀತೀರಿ. ಅವರದ್ದೂ ರಜೆ, ನಿಮ್ಮದೂ ರಜೆ. ಇದೇ ನಾನು ಹೇಳೋ ಬೀಚ್ ಡೇ.

7/10

'ಸರಿ, ಆ ದೇಶಗಳು ಜಾಸ್ತಿ ತೆರಿಗೆ ಹಾಕ್ಲಿ ಬಿಡು' ಅಂತ ಯಾರೋ ಹೇಳೋದು ಕೇಳಿಸ್ತಿದೆ. ಹಾಕೋಕೆ ಹೋದ್ರೆ ಏನಾಗತ್ತೆ ನೋಡಿ.

ಕೋಜುಮೆಲ್ ಮೆಕ್ಸಿಕೋದ ದ್ವೀಪ, ಕೆರಿಬಿಯನ್‌ನ ಅತಿ ಬಿಜಿ ಕ್ರೂಸ್ ಬಂದರುಗಳಲ್ಲಿ ಒಂದು. 2024ರ ಕೊನೇಲಿ ಮೆಕ್ಸಿಕೋ ಸಂಸತ್ತು ಪ್ರತಿ ಕ್ರೂಸ್ ಪ್ರಯಾಣಿಕನಿಗೆ 42 ಡಾಲರ್ ಶುಲ್ಕ ಅಂತ ತೀರ್ಮಾನಿಸ್ತು. ಹಡಗು ಕಂಪನಿಗಳು ಗಲಾಟೆ ಮಾಡಿದ್ವು, ಬೇರೆ ಬಂದರಿಗೆ ಹೋಗಬೇಕಾಗತ್ತೆ ಅನ್ನೋ ಮಾತು ಬಂತು. ಕೊನೆಗೆ 2025ರ ಜುಲೈಯಿಂದ 5 ಡಾಲರ್, ಆಮೇಲೆ ವರ್ಷ ಕಳೆದಂತೆ ಸ್ವಲ್ಪ ಸ್ವಲ್ಪ ಏರಿಸೋದು ಅಂತ ರಾಜಿ ಆಯ್ತು. ಮೆಕ್ಸಿಕೋದಂಥ ದೊಡ್ಡ ದೇಶದ ಕಥೆ ಇದು. ಒಂದು ತಾಲೂಕಿನಷ್ಟು ಜನ ಇರೋ ದ್ವೀಪ ದೇಶಗಳ ಗತಿ ಊಹಿಸಿ. ಹೋಟೆಲ್ ಕಟ್ಟಿದವನು ಕಟ್ಟಡ ಎತ್ಕೊಂಡು ಹೋಗೋಕಾಗಲ್ಲ. ಹಡಗಿಗೆ ಅದು ಸುಲಭ.

ತೆರಿಗೆ ಪೇಪರ್ ಇರೋರು ಇದನ್ನೂ ಓದಿ. ರಾಯಲ್ ಕೆರಿಬಿಯನ್ ಆಫೀಸ್ ಮಯಾಮಿಯಲ್ಲಿ. ಕಂಪನಿ ನೋಂದಣಿ ಆಗಿರೋದು ಆಫ್ರಿಕಾದ ಲೈಬೀರಿಯಾದಲ್ಲಿ. ಐಕಾನ್ ಹಡಗಿನ ಮೇಲೆ ಹಾರೋದು ಬಹಾಮಾಸ್ ಬಾವುಟ. ಅಮೆರಿಕದ ತೆರಿಗೆ ಕಾನೂನಿನ 883ನೇ ಸೆಕ್ಷನ್ ಪ್ರಕಾರ ಇಂಥ ವಿದೇಶಿ ಕಂಪನಿಗಳ ಅಂತರರಾಷ್ಟ್ರೀಯ ಹಡಗು ಸಂಚಾರದ ಆದಾಯಕ್ಕೆ, ಷರತ್ತುಗಳಿಗೆ ಒಳಪಟ್ಟು, ವಿನಾಯಿತಿ ಇದೆ. ಎಲ್ಲಾ ಕಾನೂನು ಪ್ರಕಾರವೇ. ಆದ್ರೆ ಬಲ ಯಾರ ಕಡೆ ಇದೆ ಅಂತ ಗೊತ್ತಾಗತ್ತಲ್ಲ? ಹಾಗಿರೋವಾಗ ಆ ದ್ವೀಪದ ಒಬ್ಬರ ಕೈಗೆ ನೇರ ದುಡ್ಡು ಕೊಡೋ ದಾರಿ ನಿಮ್ಮ ಹತ್ರ ಇದ್ರೆ, ಅದನ್ನ ಯಾಕೆ ಬಿಡ್ತೀರಿ?

8/10

ಈ ಭಾಗ ಮಂಗಳೂರು, ಉಡುಪಿ ಕಡೆಯವರಿಗೆ ಹೊಸದಲ್ಲ. ಹೋಟೆಲ್ ಮ್ಯಾನೇಜ್‌ಮೆಂಟ್ ಮುಗಿಸಿ 'ಶಿಪ್ಪಿಗೆ ಹೋಗಿದ್ದಾನೆ' ಅನ್ನೋ ಮಾತು ಅಲ್ಲಿ ಮನೆಮನೇಲಿ ಕೇಳತ್ತೆ. ಆ ಬೀಚ್ ಡೇಯಲ್ಲಿ ನಿಮಗೆ ತಟ್ಟೆ ಕೊಡೋರಲ್ಲಿ, ಟವೆಲ್ ಮಡಚೋರಲ್ಲಿ ನಮ್ಮೂರಿನವರೇ ಇರ್ತಾರೆ. ಗೋವಾದವರು, ಫಿಲಿಪೀನ್ಸ್, ಇಂಡೋನೇಷ್ಯಾದವರೂ ಇರ್ತಾರೆ.

ಹಡಗಿನ ಕೆಲಸದ ಅಂತರರಾಷ್ಟ್ರೀಯ ನಿಯಮ 2006ರ ಮ್ಯಾರಿಟೈಮ್ ಲೇಬರ್ ಕನ್ವೆನ್ಶನ್‌ನಲ್ಲಿದೆ. ಒಂದು ಲೆಕ್ಕದ ಪ್ರಕಾರ ವಾರಕ್ಕೆ ಕನಿಷ್ಠ 77 ಗಂಟೆ ವಿಶ್ರಾಂತಿ ಕೊಡಬೇಕು. ಕೇಳೋಕೆ ಚೆನ್ನಾಗಿದೆ. ಈಗ ಕಳೆಯಿರಿ. ವಾರಕ್ಕೆ 168 ಗಂಟೆ, ಅದರಲ್ಲಿ 77 ತೆಗೆದ್ರೆ 91. ಅಂದ್ರೆ ವಾರಕ್ಕೆ 91 ಗಂಟೆ ದುಡಿಸಿದ್ರೂ ಈ ಲೆಕ್ಕದಲ್ಲಿ ನಿಯಮ ಮುರಿದಂಗಲ್ಲ. ದಿನಕ್ಕೆ 13 ಗಂಟೆ, ಏಳೂ ದಿನ. ಕಾಂಟ್ರಾಕ್ಟ್ ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳು, ಮಧ್ಯೆ ಪೂರ್ತಿ ರಜಾ ದಿನ ಅನ್ನೋದೇ ಅಪರೂಪ.

ಇದನ್ನ ಹೇಳಿದ್ದು ನಿಮ್ಮ ಮನಸ್ಸಿಗೆ ಚುಚ್ಚೋಕಲ್ಲ. ಆ ಸಂಬಳದಲ್ಲಿ ಎಷ್ಟೋ ಮನೆ ಕಟ್ಟಿದ್ದಾರೆ, ತಂಗಿ ಮದುವೆ ಮಾಡಿದ್ದಾರೆ, ಲೋನ್ ತೀರಿಸಿದ್ದಾರೆ. ಕೆಲಸಕ್ಕೆ ಗೌರವ ಇದೆ. ಆದ್ರೆ ಖಾಸಗಿ ದ್ವೀಪದಲ್ಲಿ ಹಡಗು ನಿಂತ ದಿನ ಏನಾಗತ್ತೆ? ಹಡಗಿನ ಅಡುಗೆ, ಬಾರು, ಸರ್ವಿಸ್ಸು ಎಲ್ಲಾ ಬೀಚಿಗೇ ಇಳೀತದೆ. ಅವರಲ್ಲಿ ಬಹಳ ಜನಕ್ಕೆ ಆ ಬೀಚೂ ಡ್ಯೂಟಿ. ಪ್ರಯಾಣಿಕರು ಊರೊಳಗೆ ಹೋದ ದಿನ ಹಡಗು ಸ್ವಲ್ಪ ಖಾಲಿ ಆಗತ್ತೆ. ಶಿಫ್ಟ್ ಮಧ್ಯೆ ಬಿಡುವು ಸಿಕ್ಕವರು ಬಂದರಿಗೆ ಇಳಿದು, ವೈಫೈ ಸಿಗೋ ಕಡೆ ಕೂತು, ಮನೆಗೆ ವಿಡಿಯೋ ಕಾಲ್ ಮಾಡ್ತಾರೆ. ಅಲ್ಲಿ ಯಾರಾದ್ರೂ ತುಳುವಲ್ಲೋ ಕೊಂಕಣಿಯಲ್ಲೋ ಮಾತಾಡೋದು ಕೇಳಿದ್ರೆ ಒಂದು ನಮಸ್ಕಾರ ಹೇಳಿ.

9/10

ಈಗ ಎದುರು ವಾದ. ಮೂರು ಬರತ್ತೆ, ಮೂರಕ್ಕೂ ತೂಕ ಇದೆ.

ಒಂದು, ಸುರಕ್ಷತೆ. ಹುಡುಗೀರ ಗ್ರೂಪ್ ಹೋದ್ರೆ ಗುರುತಿಲ್ಲದ ಊರಿಗಿಂತ ಕಂಪನಿ ಬೀಚೇ ಮೇಲು ಅಂತ ಮನೇಲಿ ಹೇಳ್ತಾರೆ. ಇದನ್ನ ನಾನು ತಳ್ಳಿಹಾಕಲ್ಲ. ಆದ್ರೆ ನಾನು ಹೇಳ್ತಿರೋದು ನಿರ್ಜನ ಮೂಲೆಗೆ ಹೋಗಿ ಅಂತಲ್ಲ. ಊರಿನ ಕುಟುಂಬಗಳು, ಮಕ್ಕಳು, ಅಂಗಡಿಯವರು ತುಂಬಿರೋ ಬೀಚಿಗೆ ಹಗಲಲ್ಲಿ ಗುಂಪಾಗಿ ಹೋಗಿ ಅಂತ. ಜನ ಇರೋ ಕಡೆ ಜನರೇ ಕಾವಲು.

ಎರಡು, ಸ್ವಚ್ಛತೆ. ಸಾರ್ವಜನಿಕ ಅಂದ ತಕ್ಷಣ ಗಲೀಜು ಅಂತ ನಮ್ಮ ತಲೇಲಿ ಕೂತಿದೆ. ಸೇಂಟ್ ಥಾಮಸ್ ದ್ವೀಪದ ಮೇಗನ್ಸ್ ಬೇ ನೋಡಿ. ಆರ್ಥರ್ ಫೇರ್‌ಚೈಲ್ಡ್ ಅನ್ನೋ ಶ್ರೀಮಂತರು ಜನರಿಗೆ ಅಂತ ದಾನ ಕೊಟ್ಟ ಬೀಚ್ ಅದು. ಅಲ್ಲಿ ಗೇಟಿದೆ, ಹೊರಗಿನವರಿಗೆ ಸಣ್ಣ ಪ್ರವೇಶ ಶುಲ್ಕವೂ ಇದೆ, ಆ ದುಡ್ಡು ಬೀಚ್ ನೋಡ್ಕೊಳ್ಳೋಕೆ ಹೋಗತ್ತೆ. ಹಾಗಾಗಿ ಗೇಟ್ ಇದ್ದ ಮಾತ್ರಕ್ಕೆ ಜಗಳ ಇಲ್ಲ. ಗೇಟಿನ ಒಳಗೆ ಯಾರು ಕುಟುಂಬ ಸಮೇತ ಬಂದು ಕೂರಬಹುದು ಅನ್ನೋದು ನನ್ನ ಪ್ರಶ್ನೆ.

ಮೂರು, ಉದ್ಯೋಗ. ಖಾಸಗಿ ಬೀಚುಗಳೂ ಸ್ಥಳೀಯರಿಗೆ ಕೆಲಸ ಕೊಡತ್ವೆ. ನಿಜ. ನಸ್ಸೌ ಪಕ್ಕದ ಪ್ಯಾರಡೈಸ್ ದ್ವೀಪದಲ್ಲಿ ರಾಯಲ್ ಕೆರಿಬಿಯನ್ 2025ರ ಡಿಸೆಂಬರ್‌ನಲ್ಲಿ ಬೀಚ್ ಕ್ಲಬ್ ತೆರೆದಾಗ ಬಹಾಮಾಸ್‌ನವರಿಗೆ 49 ಶೇಕಡಾವರೆಗೆ ಪಾಲು ಅನ್ನೋ ವ್ಯವಸ್ಥೆ ಮಾಡಿದ್ರು. ನನ್ನ ಪ್ರಕಾರ ಇದು ನನ್ನ ವಾದಕ್ಕೇ ಬಲ. ದೇಶ ಗಟ್ಟಿಯಾಗಿ ಕೇಳಿದ್ರೆ, ಪ್ರವಾಸಿಗಳು ಗಮನ ಇಟ್ಟು ನೋಡಿದ್ರೆ, ಕಂಪನಿ ಪಾಲು ಕೊಡತ್ತೆ. ಸಂಬಳ ಒಂದು, ಪಾಲು ಇನ್ನೊಂದು. ಅದರ ವ್ಯತ್ಯಾಸ ಕಾಮರ್ಸ್ ಓದೋ ನಮಗಾದ್ರೂ ಗೊತ್ತಿರಬೇಕು.

10/10

ಕೊನೇಗೆ, ನಿಜವಾಗ್ಲೂ ಹೊರಡೋರಿಗೆ. ಸೇವ್ ಮಾಡ್ಕೊಳ್ಳಿ.

ವಯಸ್ಸು: ಅಮೆರಿಕದಿಂದ ಹೊರಡೋ ದೊಡ್ಡ ಹಡಗುಗಳಲ್ಲಿ ರೂಮಿಗೆ ಒಬ್ಬರಾದ್ರೂ 21 ತುಂಬಿದವರು ಇರಬೇಕು, ಕೆಲವು ಕಂಪನಿ 25 ಕೇಳತ್ತೆ. ಅಂದ್ರೆ ಈ ವರ್ಷ ನಮ್ಮ ಕ್ಲಾಸಿನವರೇ ಸೇರಿ ಹೋಗೋದು ಕನಸಷ್ಟೇ. ದುಡ್ಡು ಕೂಡಿಸೋಕೆ ಟೈಮ್ ಸಿಕ್ತು ಅಂದ್ಕೊಳ್ಳಿ.

ವೀಸಾ: ಫ್ಲೋರಿಡಾದಿಂದ ಹೊರಟು ಅಲ್ಲಿಗೇ ವಾಪಸ್ ಬರೋದ್ರಿಂದ ಮಲ್ಟಿಪಲ್ ಎಂಟ್ರಿ ಅಮೆರಿಕ ವೀಸಾ ಬೇಕು. ಬಾರ್ಬಡೋಸ್, ಗ್ರೆನಡಾ, ಜಮೈಕಾಗೆ ಭಾರತದ ಪಾಸ್‌ಪೋರ್ಟ್ ಇದ್ರೆ ಪ್ರವಾಸಕ್ಕೆ ಮೊದಲೇ ವೀಸಾ ಬೇಡ. ರೂಟಲ್ಲಿರೋ ಪ್ರತಿ ದೇಶದ ನಿಯಮ, ಹಡಗು ಕಂಪನಿಯ ನಿಯಮ ಎರಡನ್ನೂ ಬುಕ್ ಮಾಡೋ ಮುಂಚೆ ನೋಡಿ.

ರೂಟ್: ಫೋಟೋ ನೋಡಿ ಬುಕ್ ಮಾಡಬೇಡಿ, ನಿಲ್ಲೋ ಜಾಗಗಳ ಹೆಸರು ಓದಿ. 'ಕಂಪನಿ ಹೆಸರಿನ ಕೇ' ಎಷ್ಟು, ಊರಿರೋ ಬಂದರು ಎಷ್ಟು ಅಂತ ಎಣಿಸಿ. ಬಾರ್ಬಡೋಸ್‌ನ ಕಾರ್ಲೈಲ್ ಬೇ, ಸೇಂಟ್ ಮಾರ್ಟನ್‌ನ ಫಿಲಿಪ್ಸ್‌ಬರ್ಗ್ ಊರ ಮುಂದಿನ ಗ್ರೇಟ್ ಬೇ, ಗ್ರೆನಡಾದ ಗ್ರ್ಯಾಂಡ್ ಆನ್ಸ್ ನನ್ನ ಲಿಸ್ಟಲ್ಲಿವೆ. ಗ್ರ್ಯಾಂಡ್ ಆನ್ಸ್‌ಗೆ ಬಂದರಿಂದ ವಾಟರ್ ಟ್ಯಾಕ್ಸಿ ಸಿಗತ್ತೆ, ಓಡಿಸೋರು ಊರಿನವರೇ.

ಊಟ: ಹಡಗಲ್ಲಿ ಫ್ರೀ ಇದೆ ಅಂತ ವಾಪಸ್ ಓಡಬೇಡಿ. ಗ್ರೆನಡಾದಲ್ಲಿ ರೊಟ್ಟಿ ತಿನ್ನಿ. ಆಲೂಗಡ್ಡೆ, ಕಡಲೆಕಾಳಿನ ಪಲ್ಯ ತುಂಬಿ ಸುತ್ತಿದ್ದು ಸಿಗತ್ತೆ, ವೆಜ್‌ನವರಿಗೂ ಆಯ್ತು. 1857ರಿಂದ ತೋಟಗಳ ಕೂಲಿಗೆ ಹಡಗಲ್ಲಿ ಹೋದ ಭಾರತೀಯರಿಂದ ಅಲ್ಲಿಗೆ ಬಂದ ತಿಂಡಿ ಅದು. ನೀವು ರಜೆಗೆ ಹೋಗೋ ಸಮುದ್ರ ದಾಟಿ ಅವರು ದುಡಿಯೋಕೆ ಹೋಗಿದ್ರು.

ಸನ್‌ಸ್ಕ್ರೀನ್: ಸೇಂಟ್ ಥಾಮಸ್ ಇರೋ ಯುಎಸ್ ವರ್ಜಿನ್ ಐಲೆಂಡ್ಸ್‌ನಲ್ಲಿ 2020ರಿಂದ ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಇರೋದಕ್ಕೆ ನಿಷೇಧ, ಹವಳಕ್ಕೆ ಹಾನಿ ಅಂತ. ಡಬ್ಬಿ ಹಿಂದೆ ಓದಿ ತಗೊಂಡು ಹೋಗಿ.

ಟೈಮ್: ಹಡಗಿನ ಟೈಮೂ ದ್ವೀಪದ ಟೈಮೂ ಒಂದೇ ಇರಲೇಬೇಕಂತಿಲ್ಲ. ಇಳಿಯೋ ಮುಂಚೆ ನೋಡಿ, ಕೊನೇ ಕ್ಷಣಕ್ಕೆ ಬಿಡಬೇಡಿ. ತಡವಾದ್ರೆ ಹಡಗು ಕಾಯಲ್ಲ.

ಖಾಸಗಿ ದ್ವೀಪದಲ್ಲಿ ಹಡಗು ನಿಂತೇ ನಿಂತ್ರೆ ಇಳಿಯಬೇಡಿ ಅಂತೇನಿಲ್ಲ, ಇಳಿದು ಈಜಿ. ವಾಟರ್ ಪಾರ್ಕಿಗೆ ಇಟ್ಟಿದ್ದ ದುಡ್ಡನ್ನ ಮಾತ್ರ ಮಾರನೇ ದಿನದ ಬಂದರಿಗೆ ಉಳಿಸಿ. ಕುರ್ಚಿ ಬಾಡಿಗೆ ಕೊಡೋ ಹುಡುಗ, ರೊಟ್ಟಿ ಸುತ್ತೋ ಆಂಟಿ, ದೋಣಿ ಓಡಿಸೋ ಅಣ್ಣ, ಅವರ ಕೈಗೇ ಅದು ಸೇರಲಿ.

ನಿಮ್ಮ ಲಿಸ್ಟಲ್ಲಿರೋ ಬೀಚಿನ ಹೆಸರು ಕಾಮೆಂಟಲ್ಲಿ ಹಾಕಿ. ಅಲ್ಲಿ ಊರಿನವರೂ ಈಜ್ತಾರಾ ಅಂತ ಒಟ್ಟಿಗೆ ಹುಡುಕೋಣ. ಒಪ್ಪದೇ ಇರೋರು ಯಾಕೆ ಅಂತ ಬರೀರಿ, ಉತ್ತರ ಕೊಡ್ತೀನಿ.